ಹಸುವಿಗೆ ಕಾರ್ಡು, ನಮಗೇಕಿಲ್ಲ? – ಮನೆ ಡಾಕ್ಟರು ಮತ್ತು ಮನೆ ಖರ್ಚಿನ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಹೋಬಳಿ ಕೇಂದ್ರದ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸುವುದು ಸಾಮಾನ್ಯ ಕೆಲಸವಲ್ಲ. ಒಂದು ಮನೆಯನ್ನೇ ಇಪ್ಪತ್ತೈದು ವರ್ಷ ಒಡೆಯದಂತೆ ಇಟ್ಟುಕೊಳ್ಳುವುದು ಕಷ್ಟವಾಗಿರುವ ಕಾಲ ಇದು. ಅದಕ್ಕಾಗಿ ಮೊದಲು ತಮಗೆಲ್ಲರಿಗೂ ನನ್ನ ಅಭಿನಂದನೆಗಳು.

ಕಾರ್ಯದರ್ಶಿಗಳು ನನ್ನ ಕ್ಲಿನಿಕ್ಕಿಗೆ ಬಂದು, "ಡಾಕ್ಟ್ರೆ, ಆರೋಗ್ಯದ ವಿಷಯ ಏನಾದ್ರೂ ನಾಲ್ಕು ಮಾತು ಹೇಳಿ" ಅಂದರು. ಸೊಪ್ಪು ತಿನ್ನಿ, ಬೀಡಿ ಬಿಡಿ, ಉಪ್ಪು ಕಡಿಮೆ ಮಾಡಿ ಅಂತ ಹೇಳಿ ಕುಳಿತುಕೊಳ್ಳಬಹುದಿತ್ತು. ಆ ಮಾತು ನೀವು ಕೇಳಿ ಕೇಳಿ ಸವೆದುಹೋಗಿದೆ. ಇದು ಲೆಕ್ಕ ಬಲ್ಲವರ ಸಭೆ. ಲೀಟರಿಗೆ ಎಷ್ಟು, ಫ್ಯಾಟ್ ಎಷ್ಟು, ಹಿಂಡಿ ಚೀಲಕ್ಕೆ ಎಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕುವವರು ನೀವು. ಆದ್ದರಿಂದ ಈ ದಿನ ಆರೋಗ್ಯದ ಲೆಕ್ಕ ಮಾತಾಡೋಣ. ಮನೆಗೆ ಒಬ್ಬ ಗೊತ್ತಿರುವ ಡಾಕ್ಟರು ಇದ್ದು, ಎಲ್ಲಕ್ಕೂ ಮೊದಲು ಅವರಲ್ಲಿಗೆ ಹೋಗಿ, ಬೇಕಾದಾಗ ಅವರೇ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಖರ್ಚು ಕಡಿಮೆಯಾಗುತ್ತದೋ, ಹೆಚ್ಚಾಗುತ್ತದೋ? ಇದು ಪ್ರಶ್ನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನೇ ಅಂಥ ಡಾಕ್ಟರು. ಮಡಕೆ ಮಾರುವವನು ತನ್ನ ಮಡಕೆ ಒಡಕು ಎಂದು ಹೇಳುವುದಿಲ್ಲ. ಹಾಗಾಗಿ ನನ್ನ ಮಾತನ್ನು ಹಾಗೇ ನಂಬಬೇಡಿ. ಹಾಲು ಅಳೆಯುವಂತೆ ಅಳೆದು ನೋಡಿ. ಅಳೆಯುವುದು ಹೇಗೆ ಎಂದು ಹೇಳುವುದೇ ನನ್ನ ಈ ದಿನದ ಕೆಲಸ.

ನಿಮ್ಮ ಸಂಘದ ಆಫೀಸಿನಲ್ಲಿ ಒಂದು ವಿಷಯ ಕಂಡು ನನಗೆ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಿಮ್ಮ ಹಸುಗಳಿಗೆ ಕಿವಿಯಲ್ಲಿ ನಂಬರಿನ ಓಲೆ ಇದೆ. ಯಾವತ್ತು ಇಂಜೆಕ್ಷನ್ ಕೊಡಿಸಿದ್ದು, ಯಾವ ಹೋರಿಯ ವೀರ್ಯ, ಯಾವಾಗ ಕರು ಹಾಕಿತು, ಕಾಲುಬಾಯಿ ಲಸಿಕೆ ಆಯಿತೇ ಇಲ್ಲವೇ, ಎಲ್ಲಾ ಬರೆದಿದೆ. ಹಸು ಮೇವು ಬಿಟ್ಟರೆ ಮೊದಲು ಸಂಘದ ಪ್ರಥಮ ಚಿಕಿತ್ಸೆಯವರು ಬಂದು ನೋಡುತ್ತಾರೆ. ಅವರಿಗೆ ಮೀರಿದರೆ ಒಕ್ಕೂಟದ ವೈದ್ಯರಿಗೆ ಫೋನು ಹೋಗುತ್ತದೆ. ಯಾರೂ ಹಸುವನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ನೇರವಾಗಿ ಬೆಂಗಳೂರಿಗೆ ಓಡುವುದಿಲ್ಲ. ಅದೇ ಹಸು ಕಟ್ಟುವ ಯಜಮಾನನಿಗೆ ಬಿ.ಪಿ. ಎಷ್ಟಿದೆ, ಯಾವ ಮಾತ್ರೆ ನುಂಗುತ್ತಾನೆ ಎಂದು ಕೇಳಿದರೆ, "ಬಿಳೀ ಗುಳಿಗೆ ಸಾರ್, ಸಣ್ಣದು" ಎಂಬ ಉತ್ತರ ಬರುತ್ತದೆ. ಹಸುವಿಗೆ ಕಾರ್ಡು ಉಂಟು, ಹಸು ಸಾಕಿದವನಿಗೆ ಇಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಐವತ್ತೆಂಟು ವರ್ಷದ ರೈತರೊಬ್ಬರಿಗೆ ಬೆಳಿಗ್ಗೆ ಎದ್ದರೆ ತಲೆಸುತ್ತು. ತಲೆಸುತ್ತಲ್ಲವೇ, ತಲೆ ಡಾಕ್ಟರ ಹತ್ತಿರ ಹೋಗೋಣ ಎಂದು ಮಗ ನಗರಕ್ಕೆ ಕರೆದುಕೊಂಡು ಹೋದ. ನರದ ತಜ್ಞರು ಸ್ಕ್ಯಾನ್ ಬರೆದರು. ತಲೆಯಲ್ಲಿ ಏನೂ ಇಲ್ಲ ಎಂದು ಬಂತು. ಕಿವಿಯಿಂದಲೂ ತಲೆಸುತ್ತು ಬರುತ್ತದೆ ಎಂದು ಯಾರೋ ಹೇಳಿದರು. ಕಿವಿ ತಜ್ಞರಲ್ಲಿಗೆ ಹೋದರು. ಅಲ್ಲಿಂದ ಹೃದಯದವರಲ್ಲಿಗೆ ಹೋದರು. ಒಂದೂವರೆ ತಿಂಗಳು ಕಳೆಯಿತು. ಕೊನೆಗೆ ಒಂದು ದಿನ ನನ್ನಲ್ಲಿಗೆ ಬಂದಾಗ, "ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ" ಎಂದೆ. ಚೀಲ ಸುರಿದು ನೋಡಿದರೆ ಬಿ.ಪಿ.ಗೆ ಎರಡು ಪಟ್ಟಿ ಮಾತ್ರೆ. ಎರಡಕ್ಕೂ ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಹಳೆಯದನ್ನು ಒಬ್ಬ ವೈದ್ಯರು ಬರೆದಿದ್ದರು. ಅದು ಗೊತ್ತಿಲ್ಲದೆ ಇನ್ನೊಬ್ಬರು ಇನ್ನೊಂದನ್ನು ಬರೆದಿದ್ದರು. ಎರಡೂ ನುಂಗಿ ಬಿ.ಪಿ. ಇಳಿದು ತಲೆ ಸುತ್ತುತ್ತಿತ್ತು. ಒಂದನ್ನು ನಿಲ್ಲಿಸಿದೆ. ಒಂದು ವಾರದಲ್ಲಿ ಮನುಷ್ಯ ಸರಿಯಾದ.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಆ ಮೂವರು ತಜ್ಞರ ತಪ್ಪೂ ಇಲ್ಲ. ಅವರವರ ಪಾಲಿನ ಅಂಗವನ್ನು ಅವರು ಸರಿಯಾಗಿಯೇ ನೋಡಿದರು. ಇಡೀ ಮನುಷ್ಯನನ್ನು, ಅವನ ಚೀಲದ ಸಮೇತ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೆ.

ಅವರ ಮಗ ಲೆಕ್ಕದ ಹುಡುಗ. ಹಾಲಿನ ಪಾಸ್ ಬುಕ್ಕಿನ ಹಿಂದೆ ಖರ್ಚೆಲ್ಲಾ ಬರೆದಿಟ್ಟಿದ್ದ. ಮೂವರು ತಜ್ಞರ ಫೀಸು 1,500 ರೂಪಾಯಿ. ಸ್ಕ್ಯಾನ್ 6,500. ರಕ್ತ ಪರೀಕ್ಷೆ ವಗೈರೆ 2,200. ಔಷಧಿ 1,850. ಬಸ್ಸು, ಆಟೋ, ಹೋಟೆಲ್ ಊಟ 2,000. ಇಬ್ಬರಿಗೂ ಆರಾರು ದಿನದ ಕೂಲಿ ಹೋಯಿತು, ದಿನಕ್ಕೆ 400ರಂತೆ 4,800. ಒಟ್ಟು 18,850 ರೂಪಾಯಿ. ಈ ಲೆಕ್ಕದಲ್ಲಿ ಎರಡು ಸಂಗತಿ ಗಮನಿಸಿ. ಜನ "ಡಾಕ್ಟರ ಖರ್ಚು" ಎಂದು ಕರೆಯುವ ಫೀಸು ಒಟ್ಟು ಖರ್ಚಿನ ಹನ್ನೆರಡನೇ ಒಂದು ಪಾಲೂ ಇಲ್ಲ. ಎರಡನೆಯದು, ಇದರಲ್ಲಿ ಹತ್ತು ಸಾವಿರ ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಬಡ್ಡಿಯನ್ನು ಆ ಹುಡುಗ ಬರೆದಿರಲೇ ಇಲ್ಲ. ನಾವು ಯಾರೂ ಬರೆಯುವುದಿಲ್ಲ.

ಹಾಗಾದರೆ ಮನೆ ಡಾಕ್ಟರು ಎಂದರೆ ಯಾರು? ಅಮೆರಿಕದ ಬಾರ್ಬರಾ ಸ್ಟಾರ್‌ಫೀಲ್ಡ್ ಎಂಬ ವೈದ್ಯೆ ತಮ್ಮ ಆಯುಷ್ಯವನ್ನೆಲ್ಲಾ ಈ ವಿಷಯದ ಅಧ್ಯಯನಕ್ಕೆ ಮುಡಿಪಿಟ್ಟವರು. 2011ರಲ್ಲಿ ತೀರಿಕೊಂಡರು. ಅವರು ಹೇಳಿದ ಲಕ್ಷಣಗಳು ನಾಲ್ಕು. ತೊಂದರೆ ಏನೇ ಇರಲಿ ಮೊದಲ ಬಾಗಿಲು ಅದಾಗಿರಬೇಕು. ವರ್ಷಾನುಗಟ್ಟಲೆ ಅದೇ ಸಂಬಂಧ ಮುಂದುವರಿಯಬೇಕು. ಮಗುವಿನ ಕೆಮ್ಮಿನಿಂದ ಅಜ್ಜಿಯ ಮಂಡಿ ನೋವಿನವರೆಗೆ ಸಾಮಾನ್ಯವಾದದ್ದೆಲ್ಲಾ ಅಲ್ಲಿ ಆಗಬೇಕು. ದೊಡ್ಡ ಕಡೆಗೆ ಹೋಗಬೇಕಾದಾಗ ಎಲ್ಲಿಗೆ, ಯಾಕೆ ಎಂದು ಬರೆದು ಕಳಿಸಿ, ವಾಪಸು ಬಂದ ಮೇಲೆ ಎಲ್ಲವನ್ನೂ ಒಟ್ಟುಗೂಡಿಸಿ ನೋಡಬೇಕು. ನಾಲ್ಕನೆಯದು ಬಹಳ ಮುಖ್ಯ. ಬರೀ ಬಾಗಿಲು ಕಾಯುವವನು ಮನೆ ಡಾಕ್ಟರಲ್ಲ. ಹೋದವರು ಬಂದರೇ ಎಂದು ದೀಪ ಹಚ್ಚಿಟ್ಟುಕೊಂಡು ಕಾಯುವವನು ಮನೆ ಡಾಕ್ಟರು.

ಇದನ್ನು ಇಡೀ ದೇಶಕ್ಕೇ ಮಾಡಿರುವವರಿದ್ದಾರೆ. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅಲ್ಲಿ ಪ್ರತಿಯೊಬ್ಬರೂ ಹತ್ತಿರದ ಸಾಮಾನ್ಯ ವೈದ್ಯರಲ್ಲಿ ಹೆಸರು ಬರೆಸಿರುತ್ತಾರೆ. ತುರ್ತು ಹೊರತು ತಜ್ಞರನ್ನು ಕಾಣಲು ಸಾಮಾನ್ಯವಾಗಿ ಅವರ ಚೀಟಿ ಬೇಕು. ಆ ವೈದ್ಯರ ಆದಾಯದ ದೊಡ್ಡ ಭಾಗ ತಲೆಗೆ ಇಷ್ಟು ಎಂದು ಬರುತ್ತದೆಯೇ ಹೊರತು ಸೂಜಿಗೆ ಇಷ್ಟು, ಡ್ರಿಪ್ಪಿಗೆ ಇಷ್ಟು ಎಂದಲ್ಲ. ಫ್ರಾನ್ಸ್ ದೇಶ 2004ರಲ್ಲಿ ಒಂದು ಕಾಯ್ದೆ ತಂದಿತು. ನಿಮ್ಮ ಡಾಕ್ಟರು ಯಾರೆಂದು ನೀವೇ ಆರಿಸಿ ಬರೆಸಿ. ಅವರ ಮೂಲಕ ಹೋದರೆ ಫೀಸಿನ ನೂರಕ್ಕೆ 70 ಭಾಗ ವಿಮೆಯಿಂದ ವಾಪಸು, ನೇರವಾಗಿ ತಜ್ಞರಲ್ಲಿಗೆ ಹೋದರೆ 30 ಮಾತ್ರ. ಬಲವಂತವಿಲ್ಲ, ಜೇಬಿಗೆ ಮಾತ್ರ ಬುದ್ಧಿ ಹೇಳುವ ಉಪಾಯ.

ನಾರ್ವೆ ಎಂಬ ಚಿಕ್ಕ ದೇಶದಲ್ಲಿ 2001ರಿಂದ ಪ್ರತಿಯೊಬ್ಬರಿಗೂ ಹೆಸರು ಹೇಳಿ ಒಬ್ಬ ವೈದ್ಯರು. ಅಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ನೋಡಿ ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಂದೇ ವರ್ಷದ ಪರಿಚಯವಿದ್ದವರಿಗೂ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಡಾಕ್ಟರನ್ನು ಕಂಡವರಿಗೂ ಹೋಲಿಸಿದರು. ದೀರ್ಘ ಪರಿಚಯವಿದ್ದವರಲ್ಲಿ ತುರ್ತಾಗಿ ಆಸ್ಪತ್ರೆ ಸೇರುವುದು ನೂರಕ್ಕೆ 28ರಷ್ಟು ಕಡಿಮೆ, ಅವೇಳೆಯಲ್ಲಿ ಡಾಕ್ಟರಿಗಾಗಿ ಓಡುವುದು 30ರಷ್ಟು ಕಡಿಮೆ, ಸಾವು 25ರಷ್ಟು ಕಡಿಮೆ ಕಂಡಿತು.

ಇಲ್ಲಿ ಚಪ್ಪಾಳೆ ತಟ್ಟಬೇಡಿ. ಲೆಕ್ಕ ಪರಿಶೋಧನೆ ಈಗ ಶುರು. ಒಂದೇ ಊರಲ್ಲಿ ನೆಲೆಯಾಗಿ ಒಬ್ಬರೇ ಡಾಕ್ಟರಲ್ಲಿ ಇರುವವರು ಮೊದಲೇ ಸ್ವಲ್ಪ ನೆಮ್ಮದಿಯ ಜನ ಇರಬಹುದು. ಅಧ್ಯಯನ ಮಾಡುವವರು ವಯಸ್ಸು, ಕಾಯಿಲೆ ಮುಂತಾದವನ್ನು ಸರಿದೂಗಿಸಿ ನೋಡುತ್ತಾರೆ, ಆದರೂ ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಇನ್ನೊಂದು ಕಡೆ, ಯುರೋಪಿನ 31 ದೇಶಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಾಥಮಿಕ ಚಿಕಿತ್ಸೆ ಬಲವಾಗಿರುವ ದೇಶಗಳಲ್ಲಿ ಜನರ ಆರೋಗ್ಯ ಮೇಲು, ಆದರೆ ಒಟ್ಟು ಖರ್ಚೂ ಹೆಚ್ಚು ಎಂದು ಕಂಡುಬಂತು. ಈ ಮಾತು ನನ್ನ ಮಡಕೆ ವ್ಯಾಪಾರಕ್ಕೆ ಅನುಕೂಲವಲ್ಲ. ಆದರೂ ಹೇಳಲೇಬೇಕು. "ಮನೆ ಡಾಕ್ಟರು ಬಂದರೆ ಖರ್ಚು ಅರ್ಧ ಆಗುತ್ತದೆ" ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ನನಗೆ ತೋಚಿದ ಐದು ಸೂತ್ರ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳಲಿ.

ಮೊದಲನೆಯದು, ಎಲ್ಲವನ್ನೂ ಬರೆಯಿರಿ. ಫೀಸು, ಔಷಧಿ, ಪರೀಕ್ಷೆ ಮಾತ್ರವಲ್ಲ. ಬಸ್ ಚಾರ್ಜು, ಜೊತೆಗೆ ಹೋದವರ ಕೂಲಿ, ಕರೆಯದೇ ಉಳಿದ ಹಾಲು, ಸಾಲದ ಬಡ್ಡಿ, ಒತ್ತೆಯಿಟ್ಟ ಓಲೆ, ಎಲ್ಲವೂ ಖರ್ಚೇ.

ಎರಡನೆಯದು, ಸಮಾನರನ್ನು ಹೋಲಿಸಿ. ಗಟ್ಟಿಮುಟ್ಟಾದ ಹುಡುಗರ ಮನೆಯನ್ನು ಸಕ್ಕರೆ ಕಾಯಿಲೆಯ ಮುದುಕರ ಮನೆಗೆ ಹೋಲಿಸಿ, "ನೋಡಿ, ಇವರಿಗೆ ಖರ್ಚೇ ಇಲ್ಲ" ಎಂದರೆ ಅದು ಮೋಸ. ಎಮ್ಮೆ ಹಾಲಿನ ಫ್ಯಾಟನ್ನು ಹಸು ಹಾಲಿನ ಫ್ಯಾಟಿಗೆ ಹೋಲಿಸಿದ ಹಾಗೆ.

ಮೂರನೆಯದು, ಒಂದೇ ವರ್ಷಕ್ಕೆ ತೀರ್ಪು ಕೊಡಬೇಡಿ. ಮೊದಲ ವರ್ಷ ಖರ್ಚು ಏರಿದರೂ ಏರೀತು. ಯಾಕೆಂದರೆ ಅಡಗಿದ್ದ ಬಿ.ಪಿ., ಸಕ್ಕರೆ ಆಗ ಸಿಕ್ಕಿಬೀಳುತ್ತವೆ, ಮಾತ್ರೆ ಶುರುವಾಗುತ್ತದೆ. ಬಿ.ಪಿ.ಯ ಸಾದಾ ಜನರಿಕ್ ಮಾತ್ರೆಗೆ ದಿನಕ್ಕೆ ಒಂದೆರಡು ರೂಪಾಯಿ. ಅದನ್ನು ಉಳಿಸಲು ಹೋಗಿ ಹತ್ತು ವರ್ಷದ ನಂತರ ಲಕ್ವ ಹೊಡೆದರೆ, ಕಿಡ್ನಿ ಹೋಗಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ಓಡಾಡಬೇಕಾಗಿ ಬಂದರೆ ಅದರ ಖರ್ಚು ಯಾವ ಪುಸ್ತಕದಲ್ಲಿ ಬರೆಯೋಣ? ತೆಂಗಿನ ಸಸಿ ನೆಟ್ಟು ಮರುವರ್ಷ ಕಾಯಿ ಕೇಳಬಾರದು.

ನಾಲ್ಕನೆಯದು, ಉಳಿತಾಯ ಯಾರ ಜೇಬಿಗೆ ಎಂದು ಕೇಳಿ. ಆಸ್ಪತ್ರೆ ಸೇರುವುದು ತಪ್ಪಿದರೆ ಉಳಿಯುವುದು ವಿಮೆಯ ದುಡ್ಡು ಅಥವಾ ಸರ್ಕಾರದ ದುಡ್ಡು. ಮನೆ ಡಾಕ್ಟರಿಗೆ ಕೊಡುವುದು ನಿಮ್ಮ ಜೇಬಿನ ದುಡ್ಡು. ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು ಆದರೆ ಆ ವ್ಯವಸ್ಥೆ ಬಹಳ ದಿನ ನಡೆಯುವುದಿಲ್ಲ.

ಐದನೆಯದು, ದುಡ್ಡಿನ ಜೊತೆ ಫಲವನ್ನೂ ಬರೆಯಿರಿ. ಅತಿ ಕಡಿಮೆ ಖರ್ಚಿನ ದಾರಿ ಯಾವುದು ಗೊತ್ತೇ? ಡಾಕ್ಟರ ಹತ್ತಿರ ಹೋಗದೇ ಇರುವುದು. ಅದರ ಫಲ ಏನೆಂದು ಸ್ಮಶಾನ ಹೇಳುತ್ತದೆ. ನಾವು ನೋಡಬೇಕಾದದ್ದು ಕೊಟ್ಟ ರೂಪಾಯಿಗೆ ಎಷ್ಟು ಆರೋಗ್ಯ ಬಂತು ಎಂದು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಮೊದಲು ಮನೆ ಡಾಕ್ಟರು ಎಂಬ ನಿಯಮ ತುರ್ತಿಗೆ ಅಲ್ಲ. ಎದೆ ಹಿಂಡಿ ಬೆವರು ಬಂದರೆ, ಒಂದು ಕಡೆ ಕೈಕಾಲು ಬಿದ್ದುಹೋಗಿ ಬಾಯಿ ಸೊಟ್ಟಗಾದರೆ, ಹಾವು ಕಚ್ಚಿದರೆ, ಬಾಣಂತಿಗೆ ರಕ್ತ ನಿಲ್ಲದಿದ್ದರೆ ನನ್ನ ಬಾಗಿಲು ತಟ್ಟಿ ಹೊತ್ತು ಕಳೆಯಬೇಡಿ. 108ಕ್ಕೆ ಫೋನು ಮಾಡಿ. ಮನೆ ಡಾಕ್ಟರು ತಾನೇ ಎಲ್ಲಾ ಬಲ್ಲೆ ಎಂದು ರೋಗಿಯನ್ನು ಕಟ್ಟಿಹಾಕಿಕೊಂಡು, ಕಳಿಸಬೇಕಾದಾಗ ಕಳಿಸದಿದ್ದರೆ ಅದರಷ್ಟು ದುಬಾರಿ ಬೇರೊಂದಿಲ್ಲ. ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿ.

ಇನ್ನು ನಮ್ಮ ಕರ್ನಾಟಕದ ಮಾತು. ಸಹಕಾರಿಗಳಾದ ನಮಗೆ ಹೆಮ್ಮೆಯ ವಿಷಯವೊಂದಿದೆ. ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯ ರೈತ ಕಟ್ಟಬೇಕಾಗಿದ್ದದ್ದು ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ದೊಡ್ಡ ಕಂಪನಿಗಳು ಮಾಡದ ಕೆಲಸವನ್ನು ಹಳ್ಳಿಯ ಸಂಘಗಳು ರಸೀದಿ ಪುಸ್ತಕ ಹಿಡಿದು ಮಾಡಿ ತೋರಿಸಿದವು. 2018ರಲ್ಲಿ ಆ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿದರು. ಸಹಕಾರಿಗಳ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ಆರಂಭವಾಯಿತು. ಅದೇ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತದಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಉಂಟು.

ಇವೆಲ್ಲಾ ಬೇಕು. ಇವು ಇಲ್ಲದಿದ್ದರೆ ಎಷ್ಟೋ ಮನೆಗಳ ಜಮೀನು ಹೋಗುತ್ತಿತ್ತು. ಆದರೆ ಇವುಗಳ ಮುಖ್ಯ ಕೆಲಸ ಆಸ್ಪತ್ರೆ ಸೇರಿದ ಮೇಲೆ ಶುರು. ಕೆರೆ ಏರಿ ಒಡೆದ ಮೇಲೆ ಮಣ್ಣು ಹೊರುವ ಯೋಜನೆಗಳು. ಏರಿಯಲ್ಲಿ ಇಲಿ ತೂತು ಇದ್ದಾಗಲೇ ಮುಚ್ಚುವುದಕ್ಕೆ, ಅಂದರೆ ತಿಂಗಳು ತಿಂಗಳ ಮಾತ್ರೆಗೆ, ಬಿ.ಪಿ. ನೋಡುವುದಕ್ಕೆ, ಸಣ್ಣ ಪರೀಕ್ಷೆಗೆ ಜನ ಜೇಬಿನಿಂದಲೇ ಕೊಡುತ್ತಾರೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ತಮ್ಮ ಕೈಯಿಂದ ಕೊಟ್ಟ ಪಾಲು 2013-14ರಲ್ಲಿ ನೂರಕ್ಕೆ 64.2 ಇತ್ತು. 2021-22ಕ್ಕೆ 39.4ಕ್ಕೆ ಇಳಿದಿದೆ. ಇಳಿದದ್ದು ಒಳ್ಳೆಯದೇ. ಆದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ಇನ್ನೂ ನಮ್ಮ ಸೆರಗಿನ ಗಂಟಿನಿಂದಲೇ ಹೋಗುತ್ತಿದೆ.

ನಮ್ಮಲ್ಲಿ ಮನೆ ಡಾಕ್ಟರ ಜಾಗಕ್ಕೆ ಸರ್ಕಾರ ಇಟ್ಟಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. 1946ರ ಭೋರ್ ಸಮಿತಿಯ ವರದಿಯಿಂದ ಬಂದ ಕಲ್ಪನೆ ಅದು. ಬಯಲು ಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಒಂದು ಎಂಬುದು ನಿಯಮ. ಮೂವತ್ತು ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ತಪಾಸಣೆ ಅಲ್ಲಿ ಉಚಿತ. ನಾನು ಖಾಸಗಿ ಡಾಕ್ಟರಾಗಿಯೂ ಹೇಳುತ್ತೇನೆ, ಮೊದಲು ಅದನ್ನು ಬಳಸಿಕೊಳ್ಳಿ. ಅಲ್ಲಿನ ವೈದ್ಯರೇ ನಿಮ್ಮ ಮನೆ ಡಾಕ್ಟರಾದರೂ ನನಗೆ ಸಂತೋಷವೇ. ತೊಡಕು ಏನೆಂದರೆ ಮೂವತ್ತು ಸಾವಿರ ಜನರ ಮುಖ ಒಬ್ಬರಿಗೆ ನೆನಪಿರುವುದಿಲ್ಲ, ಮತ್ತು ಮುಖ ಪರಿಚಯ ಆಗುವ ಹೊತ್ತಿಗೆ ವರ್ಗಾವಣೆ ಬರುತ್ತದೆ.

ಈಗ ಬೆಳ್ಳಿಹಬ್ಬದ ನಿಧಿಯ ವಿಷಯ. ಸಂಘಕ್ಕೆ ಒಂದು ಆಂಬುಲೆನ್ಸ್ ಕೊಳ್ಳೋಣ ಎಂದು ಕೆಲವರು, ವರ್ಷಕ್ಕೊಂದು ದೊಡ್ಡ ಆರೋಗ್ಯ ಶಿಬಿರ ಮಾಡೋಣ ಎಂದು ಕೆಲವರು ಹೇಳುತ್ತಿದ್ದೀರಂತೆ. ಎರಡೂ ಒಳ್ಳೆಯ ಮನಸ್ಸಿನ ಮಾತೇ. ಆದರೆ ಶಿಬಿರದಲ್ಲಿ ಬಿ.ಪಿ. ಇದೆ ಎಂದು ಚೀಟಿ ಬರೆದು ಕೊಟ್ಟವರು ಸಾಯಂಕಾಲ ಬಸ್ಸು ಹತ್ತಿ ಹೋಗುತ್ತಾರೆ. ಚೀಟಿ ಸೂರಿನ ಗಳುವಿಗೆ ಸಿಕ್ಕಿಸಿದ್ದು ಅಲ್ಲೇ ಇರುತ್ತದೆ. ಆದ್ದರಿಂದ ನಿಧಿಗೆ ಕೈ ಹಾಕುವ ಮೊದಲು ಒಂದು ವರ್ಷ ಒಂದು ಪ್ರಯೋಗ ಮಾಡಿ ಎಂದು ನನ್ನ ವಿನಂತಿ.

ಒಪ್ಪಿದ ನಲವತ್ತು ಮನೆಗಳನ್ನು ಆರಿಸಿ. ಮುದುಕರಿರುವ ಮನೆ, ಮಕ್ಕಳಿರುವ ಮನೆ, ಕಾಯಿಲೆಯ ಮನೆ, ಗಟ್ಟಿ ಮನೆ, ಎಲ್ಲವೂ ಇರಲಿ. ಅವರು ತುರ್ತು ಬಿಟ್ಟು ಎಲ್ಲಕ್ಕೂ ಮೊದಲು ತಾವೇ ಆರಿಸಿದ ಒಬ್ಬರೇ ವೈದ್ಯರಲ್ಲಿಗೆ ಹೋಗಲಿ. ಪ್ರತಿಯೊಬ್ಬರಿಗೂ ಒಂದು ಕಾರ್ಡು, ಹಸುವಿಗೆ ಇರುವ ಹಾಗೆ. ಅದೇ ತರಹದ ಇನ್ನೂ ನಲವತ್ತು ಮನೆಗಳು ಈಗಿನಂತೆಯೇ ನಡೆಯಲಿ. ಎಂಬತ್ತು ಮನೆಯವರೂ ಐದು ಸೂತ್ರದ ಪ್ರಕಾರ ಖರ್ಚು ಬರೆಯಲಿ. ತಿಂಗಳಿಗೊಮ್ಮೆ ಬಟವಾಡೆ ದಿನ ಸಂಘದಲ್ಲಿ ಒಟ್ಟು ಹಾಕಿ. ಒಂದು ವರ್ಷಕ್ಕೆ ಪೂರ್ತಿ ತೀರ್ಪು ಸಿಗುವುದಿಲ್ಲ ಎಂದು ನಾನೇ ಹೇಳಿದೆ. ಆದರೆ ಸುಮ್ಮನೆ ಹೋದ ಸ್ಕ್ಯಾನು ಎಷ್ಟು, ಎರಡೆರಡು ಸಲ ಮಾಡಿಸಿದ ರಕ್ತ ಪರೀಕ್ಷೆ ಎಷ್ಟು, ಕಳೆದ ಕೂಲಿ ಎಷ್ಟು ಎಂಬುದು ಒಂದೇ ವರ್ಷದಲ್ಲಿ ಕಣ್ಣಿಗೆ ಕಾಣುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಪುಸ್ತಕ ಇಟ್ಟುಕೊಂಡು ತೀರ್ಮಾನ ಮಾಡಿ. ಆಗ ಆಂಬುಲೆನ್ಸೇ ಬೇಕು ಎಂದು ಲೆಕ್ಕ ಹೇಳಿದರೆ ನಾನೇ ಬಂದು ಅದಕ್ಕೆ ಪೂಜೆ ಮಾಡಿಸುತ್ತೇನೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನಗೀಗ ಅರವತ್ತೊಂದು. ಈ ಹೋಬಳಿಯಲ್ಲಿ ಮೂವತ್ತು ವರ್ಷ ಕಳೆದೆ. ನಾನು ಹೆರಿಗೆ ಮಾಡಿಸಿದ ಹುಡುಗಿಯರು ತಮ್ಮ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಇನ್ನೆಷ್ಟು ವರ್ಷ ಆ ಬಾಗಿಲು ತೆಗೆದಿರುತ್ತೇನೋ ತಿಳಿಯದು. ನನ್ನ ನಂತರ ಇಲ್ಲಿಗೆ ಯಾವ ಹುಡುಗನೂ ಬರಲು ತಯಾರಿಲ್ಲ. ಕೇಳಿದರೆ, "ಸಾರ್, ಹಳ್ಳಿಯಲ್ಲಿ ಕೂತರೆ ಜೀವನ ಹೇಗೆ?" ಎನ್ನುತ್ತಾರೆ. ಅವರ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಕೊಡುವ ಶಕ್ತಿ ಇರುವುದು ಸಂಘಕ್ಕೆ.

ಲೆಕ್ಕ ನೋಡಿ. ಐನೂರು ಮನೆಗಳು ತಿಂಗಳಿಗೆ ನೂರು ರೂಪಾಯಿ ಹಾಕಿದರೆ ವರ್ಷಕ್ಕೆ ಆರು ಲಕ್ಷ. ದಿನಕ್ಕೆ ಹತ್ತು ಲೀಟರು ಹಾಕುವ ಮನೆಗೆ ಇದು ಲೀಟರಿಗೆ ಮೂವತ್ತಮೂರು ಪೈಸೆ. ಐದು ಲೀಟರಿನ ಮನೆಗೆ ಅರವತ್ತಾರು ಪೈಸೆ. ಒಂದು ಸಂಘದ ಆರು ಲಕ್ಷ ಡಾಕ್ಟರು, ನರ್ಸು, ಔಷಧಿ ಎಲ್ಲಕ್ಕೂ ಸಾಲದು. ಅಕ್ಕಪಕ್ಕದ ನಾಲ್ಕು ಸಂಘ ಸೇರಿದರೆ ಇಪ್ಪತ್ತನಾಲ್ಕು ಲಕ್ಷ. ಆಗ ಒಬ್ಬ ಕಿರಿಯ ವೈದ್ಯರಿಗೆ ಸೂಜಿ ಚುಚ್ಚಿದಷ್ಟೂ ಸಂಪಾದನೆ ಎಂಬ ಯೋಚನೆ ಇರುವುದಿಲ್ಲ. ನೀವು ಚೆನ್ನಾಗಿದ್ದಷ್ಟೂ ಅವರಿಗೆ ನೆಮ್ಮದಿ. ಇದು ಹೊಸದೇನಲ್ಲ. ದಲ್ಲಾಳಿಯ ಕೈಯಿಂದ ಹಾಲನ್ನು ಬಿಡಿಸಿಕೊಳ್ಳಲು ನೀವು ಇಪ್ಪತ್ತೈದು ವರ್ಷದ ಹಿಂದೆ ಮಾಡಿದ್ದೂ ಇದೇ. ಒಬ್ಬೊಬ್ಬರದು ಒಂದೊಂದು ಚೊಂಬು, ಎಲ್ಲಾ ಸೇರಿದಾಗ ಒಂದು ಕ್ಯಾನು.

ಅದಾಗುವವರೆಗೆ, ಈ ದಿನ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಮಾತ್ರೆ, ಚೀಟಿ, ರಿಪೋರ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಗೂಟಕ್ಕೆ ನೇತುಹಾಕಿ. ಯಾವ ಡಾಕ್ಟರಲ್ಲಿಗೆ ಹೋದರೂ ಆ ಚೀಲದ ಸಮೇತ ಹೋಗಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

 ಈ ಸಂಘ ಚಿನ್ನದ ಹಬ್ಬವನ್ನೂ ಆಚರಿಸಲಿ. ಆ ದಿನ ಈ ಜಾಗದಲ್ಲಿ ನಿಂತು ಮಾತಾಡುವವರು ನಿಮ್ಮೂರಿನ ಡಾಕ್ಟರೇ ಆಗಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.